ಹಂಫ್ರಿ ಟಿಲ್ಕಾಟನ ಕಾಲು

ತಾಪತ್ರಯಕ್ಕೆಲ್ಲ ಮೂಲ ಆ ಸಾರೋಟು.

ಹೊಸದೇನಲ್ಲ. ವೂಸ್ಟರ್ ಪಟ್ಟಣದ ವೈದ್ಯನೊಬ್ಬನ ವಿಧವೆ ಮಾರಿದ ಹಳೆಯ ಸಾರೋಟು. ಒಂದು ಚಕ್ರ ಕುಂಟುತ್ತಿತ್ತು, ಒಳಗೆ ಕೂತರೆ ಕಷಾಯದ ವಾಸನೆ ಬರುತ್ತಿತ್ತು. ಆದರೆ ಬಾಗಿಲಿಗೆ ಕೆಂಪು ಬಣ್ಣ ಬಳಿಸಿ, ಕಿಟಕಿಯ ಗಾಜು ಒರೆಸಿದ ಮೇಲೆ ಅದಕ್ಕೊಂದು ಕಳೆ ಬಂತು. ಡಾರ್ಕಸ್ ಟಿಲ್ಕಾಟ್ ಭಾನುವಾರ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರಲ್ಲೇ ಚರ್ಚಿಗೆ ಹೋದಳು. ಮನೆಯಿಂದ ಚರ್ಚು ಕೂಗಳತೆ ದೂರ. ನಡೆದು ಹೊರಟ ಅಡುಗೆಯವಳು ಇವರಿಗಿಂತ ಮೊದಲೇ ತಲುಪಿ, ಇಳಿಯುವಾಗ ಯಜಮಾನಿಯ ಕೈ ಹಿಡಿದುಕೊಂಡಳು.

ಚರ್ಚಿನ ಗೇಟಿನಲ್ಲಿ ಸರ್ ಮಾರ್ಮಡ್ಯೂಕ್ ಕ್ರೇಲ್ ನಿಂತಿದ್ದರು. ಹೆರಿಫರ್ಡ್ ಸೀಮೆಯಲ್ಲಿ ಅವರಿಗಿಂತ ದೊಡ್ಡ ಮನುಷ್ಯರಿಲ್ಲ, ಗೌರವದಲ್ಲೂ ಇಲ್ಲ, ಸುತ್ತಳತೆಯಲ್ಲೂ ಇಲ್ಲ. ಅವರು ಕೆಂಪು ಬಾಗಿಲಿನ ಮೇಲೆ ಕೈಯಾಡಿಸಿ, "ಭೇಷ್ ಟಿಲ್ಕಾಟ್. ಇಂಥದ್ದು ಇಟ್ಟಿರೋರು ಈ ಸೀಮೇಲಿ ಎಷ್ಟು ಜನ ಇದ್ದಾರು?" ಅಂದರು. ಗಂಡ ಹೆಂಡತಿ ಇಬ್ಬರೂ ಹಿಗ್ಗಿದರು.

ಆ ಮಾತಿಗೆ ಬೇರೆ ಅರ್ಥವೂ ಇರಬಹುದೆಂದು ತಿಳಿದದ್ದು ಮಂಗಳವಾರ ಬೆಳಿಗ್ಗೆ. ಪಾದ್ರಿ ಒಬಾಡಯಾ ಫಿಂಚ್ ವಾಡಿಕೆಯಂತೆ ತಿಂಡಿಯ ಹೊತ್ತಿಗೆ ಸರಿಯಾಗಿ ಬಂದು, ತಣ್ಣಗಿನ ದನದ ಮಾಂಸದ ದೊಡ್ಡ ಹೋಳನ್ನೇ ತಟ್ಟೆಗೆ ಎಳೆದುಕೊಂಡರು.

"ಸರ್ ಮಾರ್ಮಡ್ಯೂಕ್ ಮಧ್ಯಾಹ್ನ ಇಲ್ಲಿಗೆ ಬರ್ತಾರಂತೆ."

"ಬರಲಿ. ಹೋದ ವರ್ಷದ ಮದ್ಯದ ಪೀಪಾಯಿ ಒಡೆಯೋಣ," ಎಂದ ಹಂಫ್ರಿ.

"ಯಾಕೆ ಬರ್ತಾರೆ ಅಂತ ಯೋಚನೆ ಮಾಡಿದ್ರಾ? ಅಕ್ಟೋಬರ್ ಮುಗೀತಾ ಬಂತು. ಮುಂದಿನ ವರ್ಷದ ಶೆರಿಫ್‌ಗೆ ಹೆಸರು ಹುಡುಕೋ ಕಾಲ. ಭಾನುವಾರ ನಿಮ್ಮ ಸಾರೋಟು ಸವರಿದ್ರು. ಮಂಗಳವಾರ ಮನೆಗೆ ಬರ್ತಿದಾರೆ."

ಸಾಸಿವೆ ಚಮಚ ಹಂಫ್ರಿಯ ಕೈಯಲ್ಲೇ ನಿಂತಿತು.

ಶೆರಿಫ್ ಆಗುವುದನ್ನು ಗೌರವ ಅನ್ನುತ್ತಾರೆ. ಹಾಗೆ ಅನ್ನುವವರಲ್ಲಿ ಆ ಕೆಲಸ ಮಾಡಿದವರು ಕಡಿಮೆ. ಪ್ರತಿ ಸೀಮೆಯಿಂದ ಮೂರು ಹೆಸರು ಲಂಡನ್ನಿಗೆ ಹೋಗುತ್ತವೆ. ಅವುಗಳಲ್ಲಿ ಒಂದರ ಪಕ್ಕ ರಾಜರು ಸೂಜಿಯಿಂದ ಚುಚ್ಚುತ್ತಾರೆ. ಸೂಜಿ ಚುಚ್ಚುವುದು ಚರ್ಮದ ಹಾಳೆಗೆ, ನೋವು ಇಡೀ ವರ್ಷ ಆ ಹೆಸರಿನವನಿಗೆ. ಒಲ್ಲೆ ಅನ್ನುವ ಹಾಗಿಲ್ಲ. ವರ್ಷಕ್ಕೆ ಎರಡು ಸಲ ನ್ಯಾಯಾಧೀಶರು ಬಂದಾಗ ತುತ್ತೂರಿಯವರು, ಈಟಿ ಹಿಡಿದ ಆಳುಗಳ ದಂಡು, ಅಷ್ಟೂ ಜನಕ್ಕೆ ಒಂದೇ ಬಣ್ಣದ ಹೊಸ ಉಡುಪು, ಜೊತೆಗೆ ಊಟ, ವೈನು, ಕುದುರೆಗೆ ಹುಲ್ಲು, ಎಲ್ಲವೂ ಶೆರಿಫನ ಸ್ವಂತ ಖರ್ಚು. ಆಚೆ ಕಣಿವೆಯ ಜೇಕಬ್ ವೆಂಡಿ ಒಂದು ವರ್ಷ ಶೆರಿಫ್ ಆಗಿ ಇಡೀ ಓಕ್ ಕಾಡು ಕಡಿಸಿ ಮಾರಿದ. ಈಗ ಅವನ ಮನೆ ಬೋಳು ಗುಡ್ಡದ ಮೇಲೆ ಒಂಟಿ ಹಲ್ಲಿನ ಹಾಗೆ ಕಾಣುತ್ತದೆ.

ಹಂಫ್ರಿಗೆ ಕಾಡಿರಲಿಲ್ಲ. ಇದ್ದದ್ದು ಹಳ್ಳದ ದಂಡೆಯ ಪೇರ್ ತೋಟ. ಅಪ್ಪ ನೆಟ್ಟ ಮರಗಳು. ಅವಕ್ಕೆ ಕಸಿ ಕಟ್ಟುತ್ತ, ಹಣ್ಣು ಅರೆಸಿ ಮದ್ಯ ಮಾಡುತ್ತ ಅವನ ಅರ್ಧ ಆಯುಷ್ಯ ಸುಖವಾಗಿ ಕಳೆದಿತ್ತು. ಶೆರಿಫ್ ಆದರೆ ತೋಟ ಮಾರಬೇಕು, ಅನುಮಾನವಿಲ್ಲ. ಇನ್ನೂ ಒಂದಿತ್ತು. ಸೀಮೆಯಲ್ಲಿ ಯಾರನ್ನಾದರೂ ಗಲ್ಲಿಗೇರಿಸಿದರೆ ಶೆರಿಫ್ ಮುಂದೆ ನಿಂತು ನೋಡಬೇಕು. ಮನೆಯಲ್ಲಿ ಕೋಳಿ ಕೊಯ್ಯುವ ದಿನ ಹಂಫ್ರಿ ಊರಾಚೆ ತಿರುಗಾಡಲು ಹೋಗುವವ.

"ನನಗೆ ಕಾಯಿಲೆ," ಎಂದ ಅವನು ಎದ್ದು ನಿಂತು.

"ಈಗ ತಾನೇ ಎರಡು ತಟ್ಟೆ ಖಾಲಿ ಮಾಡಿದ್ರಲ್ರೀ!" ಎಂದಳು ಡಾರ್ಕಸ್.

"ಇನ್ನು ಮುಂದೆ ಕಾಯಿಲೆ. ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ಬಲಿತಿರುತ್ತೆ."

ಯಾವ ಕಾಯಿಲೆ ಎಂಬ ಚರ್ಚೆ ಶುರುವಾಯಿತು. ಜ್ವರ ಬೇಡ, ನಾಳೆ ಇಳಿಯುತ್ತದೆ. ಸಿಡುಬು ಬೇಡ, ಊರೇ ಖಾಲಿಯಾಗುತ್ತದೆ. ಬುದ್ಧಿಭ್ರಮಣೆಯಾದರೆ ಹೇಗೆ ಎಂದು ಪಾದ್ರಿ ಕೇಳಿದ್ದಕ್ಕೆ ಡಾರ್ಕಸ್, "ಅದನ್ನ ನಂಬ್ತಾರೆ. ಆದ್ರೆ ಮಗಳ ಮದುವೆ ಆಗ್ಬೇಕಲ್ಲ," ಅಂದಳು. ಕಡೆಗೆ ಕಾಲು ಎಂದು ತೀರ್ಮಾನವಾಯಿತು. ಎರಡೂ ಕಾಲು ಬಿದ್ದುಹೋಗಿವೆ, ಸೊಂಟದಿಂದ ಕೆಳಗೆ ಮರದ ಕೊರಡು. ಕುದುರೆ ಏರಲಾಗದವನು ದಂಡಿನ ಮುಂದೆ ಹೇಗೆ ಹೋದಾನು?

"ನಾನು ಸುಳ್ಳು ಹೇಳೋದಿಲ್ಲ," ಎಂದರು ಪಾದ್ರಿ. "ಕೇಳಿದ್ರೆ ನಿಟ್ಟುಸಿರು ಬಿಡ್ತೀನಿ. ನಿಟ್ಟುಸಿರು ಸುಳ್ಳಾಗಲ್ಲ." ಆ ನಿಟ್ಟುಸಿರಿಗೆ ಬೇಕಾದ ಚೈತನ್ಯಕ್ಕಾಗಿ ನೆಲಮಾಳಿಗೆಯ ಪೀಪಾಯಿ ನೋಡಿಬರುತ್ತೇನೆಂದು ಇಳಿದು ಹೋದರು.

"ಸ್ವಲ್ಪ ಯೋಚನೆ ಮಾಡ್ರೀ," ಎಂದಳು ಡಾರ್ಕಸ್. "ಶೆರಿಫ್ ಹೆಂಡತಿ ಅಂದ್ರೆ ಒಂದು ವರ್ಷ ಎಲ್ಲರಿಗಿಂತ ಮುಂದೆ ನಡೀಬಹುದು. ಲೇಡಿ ಕ್ರೇಲ್ ಬಿಟ್ಟು."

"ಎಲ್ಲರಿಗಿಂತ ಮುಂದೆ ನಡೆದು ಎಲ್ಲಿಗೆ ಹೋಗ್ತೀಯೇ? ತೋಟ ಹೋದ್ಮೇಲೆ ನಮಗೆ ನಡೆಯೋಕೆ ಜಾಗ ಎಲ್ಲಿರುತ್ತೆ?"

ಡಾರ್ಕಸ್ ಮಲಗುವ ಕೋಣೆಗೆ ಹೋಗಿ ಮಂಚದ ಪರದೆ ಎಳೆದಳು. ಸಾರೋಟನ್ನು ಕೊಟ್ಟಿಗೆಗೆ ನೂಕಿ ಮೇಲೆ ಹುಲ್ಲು ಹೊದಿಸಿದ್ದಾಯಿತು. ಹಂಫ್ರಿ ವಿಗ್ ತೆಗೆದು, ರಾತ್ರಿ ಟೋಪಿ ಹಾಕಿಕೊಂಡು, ಮುಖಕ್ಕೆ ಹಿಟ್ಟು ಸವರಿಕೊಂಡು ಮಲಗಿದ. ಕನ್ನಡಿ ನೋಡಿದಾಗ ಅವನಿಗೇ ತನ್ನ ಮೇಲೆ ಮರುಕ ಬಂತು.

ಇಷ್ಟರಲ್ಲಿ ಒಂದು ತಪ್ಪಾಗಿತ್ತು. ಅಡುಗೆಯವಳಾದ ಟ್ಯಾಬಿತಾಗೆ ಯಜಮಾನರ ಕಾಲು ಬಿದ್ದುಹೋಗಿದೆ ಎಂದಷ್ಟೇ ಹೇಳಿದ್ದರು, ನಿಜ ಯಾರೂ ಹೇಳಿರಲಿಲ್ಲ. ಹಿಟ್ಟು ಬಳಿದ ಯಜಮಾನನ ಮುಖ ಬಾಗಿಲ ಸಂದಿಯಿಂದ ನೋಡಿದವಳೇ ಅವಳು ಮುಸುರೆ ಕೈಯಲ್ಲೇ ಪಕ್ಕದ ಮನೆಗೆ ಓಡಿದಳು.

ಪಕ್ಕದ ಮನೆಯಲ್ಲಿ ಅರ್ಸುಲಾ ಗ್ರೀವ್ ಇದ್ದಳು. ಮೂವರು ಗಂಡಂದಿರಿಗೆ ಕೊನೆಯವರೆಗೂ ಶುಶ್ರೂಷೆ ಮಾಡಿದ ವಿಧವೆ. ಕೊನೆ ಬೇಗ ಬರಲು ಶುಶ್ರೂಷೆಯೇ ಕಾರಣ ಎಂದು ಊರಲ್ಲಿ ಕೆಲವರು ಹೇಳುತ್ತಿದ್ದರು, ಅವಳಿಗೆ ಕೇಳಿಸದ ಹಾಗೆ. ಹಂಫ್ರಿ ತೊಟ್ಟಿಲಲ್ಲಿದ್ದಾಗಿನಿಂದ ಅವನನ್ನು ಬಲ್ಲವಳು. ಒಂದು ಕೈಯಲ್ಲಿ ಜಾಡಿ, ಇನ್ನೊಂದರಲ್ಲಿ ಮುಚ್ಚಿದ ಬುಟ್ಟಿ ಹಿಡಿದು ಸೀದಾ ಕೋಣೆಗೆ ನುಗ್ಗಿದಳು.

"ಏನೋ ಹಂಫ್ರಿ, ಕಾಲು ಬಿದ್ದು ಹೋಯ್ತಂತೆ! ನನಗೊಂದು ಮಾತು ಹೇಳಿ ಕಳಿಸ್ಬಾರ್ದಾ?"

ಹಂಫ್ರಿ ಹೆಂಡತಿಯ ಮುಖ ನೋಡಿದ. ಅರ್ಸುಲಾಗೆ ನಿಜ ಹೇಳುವುದೂ ಸಂತೆಯಲ್ಲಿ ಡಂಗುರ ಹೊಡೆಯುವುದೂ ಒಂದೇ ಎಂದು ಇಬ್ಬರಿಗೂ ಗೊತ್ತಿತ್ತು.

"ಏನೂ ಗೊತ್ತಾಗಲ್ಲ ಅತ್ತೆ," ಎಂದ ಕ್ಷೀಣ ದನಿಯಲ್ಲಿ. "ಕಾಲು ಇದೆಯೋ ಇಲ್ಲವೋ ಅನ್ನೋದೇ ಗೊತ್ತಾಗಲ್ಲ."

"ನೋಡೋಣ ಇರು." ಅವಳು ಸೆರಗಿನಂತೆ ಹೊದ್ದ ಶಾಲಿನಿಂದ ಗೋಣಿ ಹೊಲಿಯುವ ದಬ್ಬಳವೊಂದನ್ನು ಎಳೆದು, ಅವನ ಬಲಗಾಲಿನ ಹೆಬ್ಬೆರಳಿಗೆ ಚುಚ್ಚಿದಳು.

ಹಂಫ್ರಿಯ ಕಣ್ಣೆದುರು ಇಡೀ ಹೆರಿಫರ್ಡ್ ಸೀಮೆಯ ನಕ್ಷತ್ರಗಳು ಮೂಡಿದವು. ಅವನು ಟೋಪಿಯ ಅಂಚನ್ನು ಕಚ್ಚಿ ಹಿಡಿದ. ರಾಜರ ಸೂಜಿ ತಪ್ಪಬೇಕಾದರೆ ಈ ಸೂಜಿ ಸಹಿಸಬೇಕು ಎಂದು ಮನಸ್ಸಿಗೆ ಹೇಳಿಕೊಂಡ.

"ಅಲ್ಲಾಡಲೇ ಇಲ್ಲ!" ಎಂದಳು ಅರ್ಸುಲಾ ಸಂಭ್ರಮದಿಂದ. "ಪಾಪ. ಆ ಕಾಲೂ ನೋಡ್ಬಿಡೋಣ."

"ಅದೂ ಹೀಗೇನೇ ಅತ್ತೆ!" ಎಂದು ಡಾರ್ಕಸ್ ಅಡ್ಡ ಬಂದಳು. ತಡವಾಗಿತ್ತು.

"ಕಣ್ಣಲ್ಲಿ ನೀರು ಬರ್ತಿದೆ ಇವನಿಗೆ."

"ನಿಮ್ಮನ್ನ ನೋಡಿ ಸಂತೋಷಕ್ಕೆ."

ಆಮೇಲೆ ಜಾಡಿ ತೆರೆಯಿತು. ಬಸವನಹುಳುಗಳನ್ನು ಚಿಪ್ಪು ಸಮೇತ ಜಜ್ಜಿ, ಸೀಳಿ ತೊಳೆದ ಎರೆಹುಳುಗಳ ಜೊತೆ ಬಿಯರಿನಲ್ಲಿ ಬೇಯಿಸಿ ಭಟ್ಟಿ ಇಳಿಸಿದ ನೀರು. ಎರಡನೆಯ ಗಂಡನಿಗೆ ಕೊಟ್ಟು ಉಳಿದದ್ದು ಎಂದು ಅವಳೇ ಹೇಳಿದಳು. ಹಂಫ್ರಿ ಬಾಯಿ ತೆರೆಯಲಿಲ್ಲ. ಅರ್ಸುಲಾ ಅವನ ಮೂಗು ಹಿಡಿದಳು. ಮನುಷ್ಯ ಎಷ್ಟು ಹೊತ್ತು ತಾನೇ ಉಸಿರು ಬಿಗಿಹಿಡಿದಾನು? ಒಂದು ಲೋಟ ಒಳಗೆ ಹೋಯಿತು. ಹೊಟ್ಟೆಯಲ್ಲಿ ಏನೋ ನಿಧಾನಕ್ಕೆ ತೆವಳಿದಂತಾಯಿತು.

"ಅಂಗಾಲಿಗೆ ಈಗ ಬಿಸಿ ರಕ್ತ ಬೀಳ್ಬೇಕು," ಎಂದು ಅವಳು ಬುಟ್ಟಿ ತೆರೆದಳು. ಎರಡು ಪಾರಿವಾಳಗಳು ತಲೆ ಎತ್ತಿ ನೋಡಿದವು. "ಜೀವ ಇರೋವಾಗ್ಲೇ ಸೀಳಿ ಅಂಗಾಲಿಗೆ ಕಟ್ಟಿದ್ರೆ, ಇರೋ ಕೆಟ್ಟದ್ದೆಲ್ಲ ಅವು ಎಳ್ಕೊಂಡುಬಿಡ್ತವೆ. ಡಾರ್ಕಸ್, ರೆಕ್ಕೆ ಹಿಡ್ಕೊ."

ಪಾರಿವಾಳ ಹಂಫ್ರಿಯನ್ನು ನೋಡಿತು. ಹಂಫ್ರಿ ಪಾರಿವಾಳವನ್ನು ನೋಡಿದ. ಅರ್ಸುಲಾಳ ಚಾಕು ಮಿಂಚಿತು. ಅಷ್ಟೇ. ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ತಲೆ ದಿಂಬಿನಿಂದ ಜಾರಿ, ಆಸಾಮಿ ನಿಜವಾಗಿಯೇ ಎಚ್ಚರ ತಪ್ಪಿದ. ಗಾಬರಿಯಲ್ಲಿ ಡಾರ್ಕಸ್ ಕೈ ಬಿಟ್ಟಳು. ಪಾರಿವಾಳಗಳು ಕೋಣೆಯನ್ನು ಒಂದು ಸುತ್ತು ಹಾಕಿ, ಬೀರುವಿನ ಮೇಲಿದ್ದ ವಿಗ್ಗಿನ ಮೇಲೆ ಜೋಡಿಯಾಗಿ ಕೂತವು.

"ಹೋಗ್ತಾ ಇದಾನೆ!" ಎಂದು ಕೂಗಿದಳು ಅರ್ಸುಲಾ. "ನನ್ನ ಮೊದಲನೇ ಗಂಡ ಥೇಟ್ ಹೀಗೇ ಮಾಡಿದ್ದು! ಗಂಟೆ ಹೊಡೆಸ್ತೀನಿ, ಜನ ಪ್ರಾರ್ಥನೆಯನ್ನಾದ್ರೂ ಮಾಡ್ಲಿ!" ಎನ್ನುತ್ತ ಮೆಟ್ಟಿಲಿಳಿದು ಚರ್ಚಿನ ಕಡೆ ಓಡಿದಳು. ಪ್ರಾಣ ಹೋಗುವ ಸಮಯದಲ್ಲಿ ಚರ್ಚಿನ ಗಂಟೆ ಹೊಡೆಯುವುದು ಆ ಊರಿನ ಪದ್ಧತಿ. ತಡೆಯಬೇಕಾದ ಪಾದ್ರಿ ನೆಲಮಾಳಿಗೆಯಲ್ಲಿ ಎರಡನೆಯ ಪೀಪಾಯಿಯ ಹತ್ತಿರ ನಿಟ್ಟುಸಿರು ಅಭ್ಯಾಸ ಮಾಡುತ್ತಿದ್ದರು.

ಹಂಫ್ರಿಗೆ ಎಚ್ಚರವಾದಾಗ ಢಣ್ ಢಣ್ ಎಂದು ಗಂಟೆ ಕೇಳಿಸಿತು.

"ಯಾರು ಹೋದ್ರೇ?"

"ನೀವೇ," ಎಂದಳು ಡಾರ್ಕಸ್. ಅಷ್ಟರಲ್ಲಿ ಅವಳು ಕಪ್ಪು ರೇಷ್ಮೆಯ ಗೌನು ಹಾಕಿಕೊಂಡಿದ್ದಳು.

"ಇದನ್ನ ಯಾಕೆ ಹಾಕ್ಕೊಂಡೆ?"

"ಅಂಗಳದ ತುಂಬ ಜನ ಬಂದಿದಾರೆ. ಗಂಟೆ ಹೊಡೀತಿರೋವಾಗ ಹಳದಿ ಹಾಕ್ಕೊಂಡು ನಿಂತ್ಕೊಳ್ಳಕ್ಕಾಗುತ್ತಾ? ಅಲ್ಲದೆ ಹೊಲಿಸಿ ಎರಡು ವರ್ಷ ಆಯ್ತು, ಹಾಕೋಕೆ ಸಂದರ್ಭವೇ ಬಂದಿರ್ಲಿಲ್ಲ."

ಒಕ್ಕಲು ಜನ ಕೆಲಸ ಬಿಟ್ಟು ಬಂದಿದ್ದರು. ಹಣ್ಣು ಅರೆಯುವ ಕಲ್ಲು ನಿಂತಿತ್ತು. ದುಃಖದ ಮನೆಗೆ ಬಂದವರನ್ನು ಒಣಬಾಯಲ್ಲಿ ಕಳಿಸಬಾರದೆಂದು ಟ್ಯಾಬಿತಾ ಅಳುತ್ತಲೇ ಈ ವರ್ಷದ ಮದ್ಯವನ್ನು ಬಿಂದಿಗೆಗಟ್ಟಲೆ ಹಂಚುತ್ತಿದ್ದಳು. ಕಿಟಕಿಯಿಂದ ಮಾತು ಕೇಳಿಸುತ್ತಿತ್ತು.

"ಒಳ್ಳೇ ಮನುಷ್ಯ. ಯಾರಿಗೂ ಕೆಟ್ಟದ್ದು ಮಾಡಿದವನಲ್ಲ."

"ಮಾಡೋಕೆ ಬುದ್ಧಿ ಬೇಕಲ್ಲ ಮಾರಾಯ. ಇನ್ನೊಂದು ಲೋಟ ಹಾಕು."

ಹಂಫ್ರಿ ಎದ್ದು ಕಿಟಕಿಗೆ ಹೋಗಬೇಕೆಂದಿದ್ದ. ಅಷ್ಟರಲ್ಲಿ ಮೆಟ್ಟಿಲು ಕಿರುಗುಟ್ಟಿತು. ಆ ಮನೆಯ ಮೆಟ್ಟಿಲು ಹಾಗೆ ನರಳುವುದು ಸೀಮೆಯಲ್ಲಿ ಒಬ್ಬರೇ ಒಬ್ಬರು ಹತ್ತಿದಾಗ. ಅವನು ಹೊದಿಕೆ ಎಳೆದುಕೊಂಡ. ಸರ್ ಮಾರ್ಮಡ್ಯೂಕ್ ಏದುಸಿರು ಬಿಡುತ್ತ ಒಳಗೆ ಬಂದು, ಕುರ್ಚಿ ಹುಡುಕುವ ಗೋಜಿಗೆ ಹೋಗದೆ ಮಂಚದ ಮೇಲೆ ಕೂತರು. ಕೂತದ್ದು ಹಂಫ್ರಿಯ ಎಡಗಾಲಿನ ಮೇಲೆ.

"ಟಿಲ್ಕಾಟ್! ಬದುಕಿದೀರಾ! ಗಂಟೆ ಕೇಳಿ ಎದೆ ಒಡೆದುಹೋಯ್ತು ಕಣ್ರೀ. ಏನಾಯ್ತು?"

"ಕಾಲು..." ಎಂದ ಹಂಫ್ರಿ. ದನಿ ತಾನಾಗಿಯೇ ಕೀರಲಾಗಿತ್ತು.

"ಎರಡೂ ಬಿದ್ದು ಹೋಗಿವೆ ಸರ್ ಮಾರ್ಮಡ್ಯೂಕ್," ಎಂದಳು ಡಾರ್ಕಸ್. "ನೀವು ಈಗ ಒಂದರ ಮೇಲೆ ಕೂತಿದೀರಿ. ಇವರಿಗೆ ಗೊತ್ತೇ ಆಗ್ತಿಲ್ಲ ನೋಡಿ."

ಸರ್ ಮಾರ್ಮಡ್ಯೂಕ್ ಪರೀಕ್ಷೆಗೆಂದು ಇನ್ನಷ್ಟು ಊರಿ ಕೂತರು. "ಗೊತ್ತಾಗ್ತಿಲ್ವಾ?"

"ಇಲ್ಲ," ಎಂದ ಹಂಫ್ರಿ. ಮುಖ ಹಿಟ್ಟಿನಡಿಯಲ್ಲೇ ಕೆಂಪಾಯಿತು.

ಅರ್ಸುಲಾ ವಾಪಸು ಬಂದು ಬಾಗಿಲಲ್ಲಿ ನಿಂತಿದ್ದಳು. "ದಬ್ಬಳ ಚುಚ್ಚಿದೀನಿ ಸ್ವಾಮಿ, ಎರಡು ಕಾಲಿಗೂ. ಕೊರಡಿನ ಥರ ಬಿದ್ದಿದ್ದ. ನಾನು ಸಾಕ್ಷಿ." ಅವಳ ಹಿಂದಿನಿಂದ ಪಾದ್ರಿ ಮೇಲೆ ಬಂದು, ಇಡೀ ಬೆಳಿಗ್ಗೆಯ ಸಿದ್ಧತೆಯನ್ನೆಲ್ಲ ಸೇರಿಸಿ ಒಂದು ನಿಟ್ಟುಸಿರು ಬಿಟ್ಟರು. ಕೋಣೆಯಲ್ಲಿ ಪೇರ್ ಹಣ್ಣಿನ ಘಮ ಹರಡಿತು.

"ಕುದುರೆ ಹತ್ತೋ ಹಾಗಿಲ್ಲ?" ಎಂದರು ಸರ್ ಮಾರ್ಮಡ್ಯೂಕ್.

"ಇಲ್ಲ," ಎಂದ ಹಂಫ್ರಿ. ಅವನಿಗೆ ಈಗ ಧೈರ್ಯ ಬಂದಿತ್ತು. "ಕುದುರೆ ಬಿಡಿ, ಈ ಕೋಣೆ ಬಿಟ್ಟು ಹೋಗಲ್ಲ. ನನ್ನ ಲೋಕ ಇನ್ನು ಈ ಮಂಚ."

"ಲಂಡನ್ನಿಗೆ ಹೋಗೋ ಪ್ರಶ್ನೆನೇ ಇಲ್ಲ ಅನ್ನಿ."

"ಲಂಡನ್ ಯಾಕೆ, ಅಡುಗೆಮನೆಗೂ ಇಲ್ಲ."

"ಬಾತ್ ಊರಿಗೆ, ಬಿಸಿನೀರಿನ ಸ್ನಾನಕ್ಕೆ?"

"ವೈದ್ಯರು ಅಲ್ಲಾಡಿಸಲೇಬಾರದು ಅಂದಿದಾರೆ," ಎಂದ ಹಂಫ್ರಿ. ಯಾವ ವೈದ್ಯನೂ ಬಂದಿರಲಿಲ್ಲ.

"ತಲೆ ಹೇಗಿದೆ? ಮಾತು, ಲೆಕ್ಕ, ಸಹಿ?"

ಇಲ್ಲಿ ಡಾರ್ಕಸ್‌ಗೆ ಮಗಳ ಮದುವೆ ನೆನಪಾಯಿತು. "ತಲೆ ಬಂಗಾರದಂಗಿದೆ," ಎಂದಳು.

ಸರ್ ಮಾರ್ಮಡ್ಯೂಕರ ಮುಖ ಹಬ್ಬದ ದಿನದ ಒಲೆಯಂತೆ ಬೆಳಗಿತು. ಅವರು ಹಂಫ್ರಿಯ ಎರಡೂ ಕೈ ಹಿಡಿದುಕೊಂಡರು.

"ದೇವರು ದೊಡ್ಡವನು ಟಿಲ್ಕಾಟ್. ನಿಜ ಹೇಳ್ಬೇಕಂದ್ರೆ ನಾನು ಬಂದಿದ್ದು ನಾಳೆ ಮೊಲದ ಬೇಟೆಗೆ ನಿಮ್ಮನ್ನ ಕರೆಯೋಕೆ. ಬೇರೇನೂ ಮನಸ್ಸಲ್ಲಿರಲಿಲ್ಲ. ಈ ಮಂಚದ ಮೇಲೆ ಕೂತ ಮೇಲೆ ಹೊಳೀತು ನೋಡಿ! ಮುಂದಿನ ವರ್ಷದ ಶೆರಿಫ್ ಸಿಕ್ಕಿಬಿಟ್ರು!"

ಬೀರುವಿನ ಮೇಲೆ ಪಾರಿವಾಳಗಳು ಗುಟುರ್ ಗುಟುರ್ ಎಂದವು.

"ಕಾಲಿಲ್ಲದವನು..." ಎಂದ ಹಂಫ್ರಿ.

"ಅದೇ ಬೇಕಾಗಿರೋದು! ಶೆರಿಫ್ ಆದವನು ರಾಜರ ಅಪ್ಪಣೆ ಇಲ್ಲದೆ ವರ್ಷಪೂರ್ತಿ ಸೀಮೆ ಬಿಟ್ಟು ಹೋಗೋ ಹಾಗಿಲ್ಲ, ಕಾನೂನು ಅದು. ಯಾರು ಕೇಳ್ತಾರೆ? ಈ ವರ್ಷದವನು ನಾಟಕ ನೋಡ್ತೀನಿ ಅಂತ ಲಂಡನ್ನಿಗೆ ಹೋದವನು ಅಲ್ಲೇ ಕೂತ. ಬೇಸಿಗೇಲಿ ಜಡ್ಜ್ ಸಾಹೇಬ್ರು ಬಂದ್ರೆ ಎದುರುಗೊಳ್ಳೋಕೆ ಸೀಮೆ ಗಡೀಲಿ ಎರಡು ಹಸು ನಿಂತಿದ್ವು. ಅವರು ನನ್ನ ಕರೆದು ಬೈದದ್ದು ಈಗ್ಲೂ ಕಿವೀಲಿದೆ. ಕದಲದೇ ಇರೋ ಒಬ್ಬ ಮನುಷ್ಯನ್ನ ಹುಡುಕ್ರಿ ಸಾಕು ಅಂದ್ರು. ಊರೆಲ್ಲ ಹುಡುಕಿದೆ. ಒಬ್ಬನಿಗೆ ಬಾತ್‌ನಲ್ಲಿ ಸ್ನಾನ, ಇನ್ನೊಬ್ಬನಿಗೆ ಲಂಡನ್ನಲ್ಲಿ ವ್ಯಾಜ್ಯ, ಮತ್ತೊಬ್ಬನಿಗೆ ಫ್ರಾನ್ಸ್‌ನಲ್ಲಿ ತಂಗಿ. ನೀವು ನೋಡಿದ್ರೆ ಅಡುಗೆಮನೆಗೂ ಹೋಗಲ್ಲ ಅಂತೀರಿ!"

"ಮೂರು ಹೆಸರು ಹೋಗುತ್ತಲ್ಲ..." ಎಂದ ಹಂಫ್ರಿ ಕಡೆಯ ಆಸೆಯಿಂದ.

"ನಿಮ್ಮದನ್ನ ಮೊದಲು ಹಾಕಿಸ್ತೀನಿ. ರಾಜರು ಮೊದಲನೇದಕ್ಕೇ ಚುಚ್ಚೋದು. ಕೆಳಗಿನವನ್ನ ಓದೋಕೆ ಅವರಿಗೆಲ್ಲಿ ಪುರುಸೊತ್ತು? ದಂಡು, ತುತ್ತೂರಿ ಎಲ್ಲ ನಿಮ್ಮದೇ, ಅದನ್ನ ಮಲಗಿಕೊಂಡೇ ಏರ್ಪಾಡು ಮಾಡಬಹುದು. ಜಡ್ಜ್ ಸಾಹೇಬ್ರು ಬೇಕಿದ್ರೆ ಇಲ್ಲೇ ಊಟಕ್ಕೆ ಬರ್ತಾರೆ. ಗಲ್ಲು ಹಾಕೋ ದಿನ ಮಾತ್ರ ನಿಮ್ಮನ್ನ ಮಂಚ ಸಮೇತ ಹೊತ್ತು ತರಿಸ್ತೀನಿ. ಮುಂದಿನ ಸಾಲಲ್ಲೇ ಇಡಿಸ್ತೀನಿ, ಚೆನ್ನಾಗಿ ಕಾಣುತ್ತೆ."

ಹಂಫ್ರಿ ಕಿರುಚಿದ. ಹೊದಿಕೆ ಕಿತ್ತೆಸೆದು, ಸರ್ ಮಾರ್ಮಡ್ಯೂಕರ ಅಡಿಯಿಂದ ಕಾಲನ್ನು ಎಳೆದುಕೊಂಡು ನೆಲಕ್ಕೆ ಹಾರಿದ.

"ನನಗೇನೂ ಆಗಿಲ್ಲ! ನೋಡಿ ಸರ್ ಮಾರ್ಮಡ್ಯೂಕ್! ನೋಡಿ! ಕಾಲು ಸರಿಯಾಗಿದೆ! ಎರಡೂ! ನಾನು ಎಲ್ಲಿಗೆ ಬೇಕಾದ್ರೂ ಹೋಗ್ತೀನಿ! ಲಂಡನ್ನಿಗೆ ಹೋಗ್ತೀನಿ! ಫ್ರಾನ್ಸ್‌ಗೂ ಹೋಗ್ತೀನಿ!"

ಬರೀ ಅಂಗಿಯಲ್ಲಿ, ಬಿಳಿ ಟೋಪಿಯಲ್ಲಿ ಅವನು ಸುಗ್ಗಿಯ ದಿನ ಕುಣಿಯುವಂತೆ ಕೋಣೆಯ ತುಂಬ ಕುಣಿದ. ಮಂಚ ಹಾರಿದ. ಸ್ಟೂಲು ಹಾರಿದ. ಒಂದೇ ಕಾಲಲ್ಲಿ ನಿಂತು ತೋರಿಸಿ, ಕಾಲು ಬದಲಿಸಿ ಇನ್ನೊಂದರಲ್ಲೂ ನಿಂತ.

"ನನ್ನ ಔಷಧಿ!" ಎಂದು ಅರ್ಸುಲಾ ಮೊಣಕಾಲೂರಿ ಕೈ ಜೋಡಿಸಿದಳು. "ಒಂದೇ ಲೋಟಕ್ಕೆ! ಪಾದ್ರಿಗಳೇ, ಎದ್ದು ಕುಣೀತಿದಾನೆ!"

"ಇಲ್ಲ ಅತ್ತೆ, ಮೊದಲಿಂದ್ಲೂ ಏನೂ ಆಗಿರ್ಲಿಲ್ಲ! ಸುಳ್ಳು! ಎಲ್ಲಾ ಸುಳ್ಳು! ಪಾದ್ರಿಗಳನ್ನೇ ಕೇಳಿ!"

ಎಲ್ಲರೂ ಪಾದ್ರಿಯ ಕಡೆ ತಿರುಗಿದರು. ಪಾದ್ರಿ ಹಂಫ್ರಿಯನ್ನು ನೋಡಿದರು, ಸರ್ ಮಾರ್ಮಡ್ಯೂಕರನ್ನು ನೋಡಿದರು. ಅವರ ಪಾದ್ರಿಗಿರಿ ಸರ್ ಮಾರ್ಮಡ್ಯೂಕರು ಕೊಟ್ಟದ್ದು. ಅವರು ಇನ್ನೊಂದು ನಿಟ್ಟುಸಿರು ಬಿಟ್ಟರು.

"ದಬ್ಬಳ ಚುಚ್ಚಿದ್ದು ನಾನು," ಎಂದಳು ಅರ್ಸುಲಾ ಖಡಾಖಂಡಿತವಾಗಿ. "ಸರಿಯಿರೋ ಕಾಲು ಸುಮ್ನಿರುತ್ತಾ?"

"ನಾನು ಕೂತಾಗಲೂ ಸುಮ್ನಿತ್ತು," ಎಂದರು ಸರ್ ಮಾರ್ಮಡ್ಯೂಕ್ ಗಂಭೀರವಾಗಿ. ಅವರ ಕಣ್ಣಲ್ಲಿ ನೀರಾಡಿತ್ತು. ಎದ್ದು ಬಂದು ಹಂಫ್ರಿಯನ್ನು ಅಪ್ಪಿಕೊಂಡರು. ಹಂಫ್ರಿ ಅವರ ಕೋಟಿನಲ್ಲಿ ಮುಳುಗಿಹೋದ. "ಇದು ದೇವರ ಕೆಲಸ ಟಿಲ್ಕಾಟ್. ನನಗೆ ಒಂದೇ ಒಂದು ಕೊರಗಿತ್ತು, ನಮ್ಮ ಶೆರಿಫ್ ಕುದುರೆ ಮೇಲೆ ದಂಡಿನ ಮುಂದೆ ಹೋಗಲಾರನಲ್ಲ ಅಂತ. ಅದೂ ತೀರಿತು."

"ಆದ್ರೆ ನಾನು ಸೀಮೆ ಬಿಟ್ಟು ಓಡಿಹೋಗಬಹುದು!" ಎಂದಿತು ಕೋಟಿನೊಳಗಿನ ದನಿ.

"ಓಡಿಹೋಗೋನು ಹೀಗೆ ಎಲ್ಲರ ಮುಂದೆ ಹೇಳ್ತಾನಾ? ಪ್ರಾಮಾಣಿಕ ಮನುಷ್ಯ ಕಣ್ರೀ ನೀವು. ಅಲ್ಲದೆ ದೇವರು ಈ ಊರಲ್ಲಿ ಕಾಲು ಕೊಟ್ಟ ಮೇಲೆ ಆ ಕಾಲನ್ನ ಬೇರೆ ಊರಿಗೆ ಒಯ್ತೀರಾ?"

ಅಷ್ಟರಲ್ಲಿ ಡಾರ್ಕಸ್ ಒಳಕೋಣೆಗೆ ಹೋಗಿ ಕಪ್ಪು ಗೌನು ಬಿಚ್ಚಿ, ಹಳದಿ ಹಾಕಿಕೊಂಡು ಬಂದಿದ್ದಳು. ಅವಳು ನಡೆದು ಬಂದ ರೀತಿಯಲ್ಲಿ ಆಗಲೇ ಎಲ್ಲರಿಗಿಂತ ಮುಂದೆ ನಡೆಯುವವಳ ಗತ್ತಿತ್ತು. ಕಿಟಕಿ ಅಗಲವಾಗಿ ತೆರೆದಳು.

ಸುದ್ದಿ ಅಂಗಳಕ್ಕೆ ಮೊದಲೇ ಇಳಿದಿತ್ತು. ಹೆಣ ಹೊರಲು ಬಂದವರು ಟೋಪಿ ಗಾಳಿಗೆ ತೂರಿ, ಲೋಟ ಎತ್ತಿ, "ನಮ್ಮ ಶೆರಿಫ್ ಸಾಹೇಬ್ರಿಗೆ ಜಯವಾಗ್ಲಿ!" ಎಂದು ಕೂಗಿದರು. ಅವರಾಚೆ ಹಳ್ಳದ ದಂಡೆಯ ಮೇಲೆ ಪೇರ್ ಮರಗಳು ಹಣ್ಣೆಲೆ ಉದುರಿಸುತ್ತ ನಿಂತಿದ್ದವು.

"ಕೈ ಬೀಸ್ರೀ," ಎಂದಳು ಡಾರ್ಕಸ್ ತುಟಿ ಅಲ್ಲಾಡಿಸದೆ. "ಜನ ನೋಡ್ತಿದಾರೆ."

ಹಂಫ್ರಿ ಮರಗಳ ಕಡೆಗೆ ತಿರುಗಿ ಕೈ ಬೀಸಿದ.